ಪಿಜಿ, ಶೇರಿಂಗ್ ಫ್ಲ್ಯಾಟ್, ವಠಾರ: ಹನ್ನೊಂದು ತಿಂಗಳು, ಮೂರು ಬೀಗ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮಟ್ಟಿಗೆ ಗೆದ್ದದ್ದು ವಠಾರ. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಐದು ಪೋರ್ಷನ್ನು, ನಡುವೆ ಅಂಗಳ, ಎಲ್ಲರಿಗೂ ಸೇರಿ ಒಂದು ಸಂಪು. ಮದ್ರಾಸ್ ತಾರಸಿ, ರೆಡ್ ಆಕ್ಸೈಡ್ ನೆಲ, ಜೋರು ಮಳೆ ಬಂದರೆ ಅಡುಗೆಮನೆ ಮೂಲೆಯಲ್ಲಿ ಒಂದು ಪಾತ್ರೆ ಇಡಬೇಕು. ಇವಳಿಗೇನೋ ಹಳೇ ಬೆಂಗಳೂರಿನ ಹುಚ್ಚು ಅಂದುಕೊಳ್ಳಬೇಡಿ. ನಾನು ಶಿವಮೊಗ್ಗದವಳು. ಹಳೇ ಬೆಂಗಳೂರೂ ಗೊತ್ತಿರಲಿಲ್ಲ, ಹೊಸದೂ ಗೊತ್ತಿರಲಿಲ್ಲ. ಪಿಜಿಯಲ್ಲಿ ನಾಲ್ಕು ತಿಂಗಳು, ಶೇರಿಂಗ್ ಫ್ಲ್ಯಾಟಿನಲ್ಲಿ ನಾಲ್ಕು ತಿಂಗಳು ಇದ್ದು ನೋಡಿ, ದುಡ್ಡು ಕಳೆದುಕೊಂಡು, ಆಮೇಲೆ ಇಲ್ಲಿಗೆ ಬಂದವಳು.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ, ಅದಿಲ್ಲದೆ ನನ್ನ ಲೆಕ್ಕಾಚಾರ ಅರ್ಥ ಆಗಲ್ಲ. ಕಳೆದ ಜೂನ್‌ನಲ್ಲಿ, 41ನೇ ವಯಸ್ಸಿಗೆ, ಎರಡು ಸೂಟ್‌ಕೇಸ್ ಹಿಡಿದು ಬಂದೆ. ಮದುವೆ ಮುರಿದಿತ್ತು, ಕಾಗದದ ಮೇಲೆ ಇನ್ನೂ ಮುರಿದಿರಲಿಲ್ಲ. ಊರಿನ ಕೋರ್ಟಿನಲ್ಲಿ ಹೆಚ್ಚುಕಡಿಮೆ ತಿಂಗಳಿಗೊಂದು ಡೇಟು. ಹದಿಮೂರು ವರ್ಷ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ಆದರೆ ಮಂಡಿ ಗಂಡನ ಚಿಕ್ಕಪ್ಪನದು. ಹಾಗಾಗಿ ಮನೆಯ ಜೊತೆ ಕೆಲಸವೂ ಹೋಯಿತು. ನಾಲ್ಕು ಬಳೆ ಅಡವಿಟ್ಟು ತಂದ 1,60,000 ರೂಪಾಯಿ ನನ್ನ ಪೂರ್ತಿ ಬಂಡವಾಳ. ಮುಂದೆ ನಾನು ‘ಅಡ್ವಾನ್ಸ್’ ಅಂದಲ್ಲೆಲ್ಲ ‘ಬಳೆ’ ಅಂತ ಓದಿಕೊಳ್ಳಿ.

ಮನೆಗಿಂತ ಮುಂಚೆ ಕೆಲಸದ ವಿಷಯ ಮುಗಿಸುತ್ತೇನೆ, ಏಕೆಂದರೆ ಮನೆ ಬದಲಾದದ್ದೆಲ್ಲ ಕೆಲಸದಿಂದ. ಮೊದಲನೆಯದು ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗ, ಕಂಟ್ರಾಕ್ಟರ್ ಮೂಲಕ. 20,500 ಸಂಬಳ, ಪಿಎಫ್ ಉಂಟು, ಸಂಬಳ 21,000ದ ಮಿತಿಯೊಳಗಿದ್ದದ್ದರಿಂದ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ಉಂಟು. ಎರಡನೆಯದು ಜಯನಗರದ ಒಬ್ಬ ಆಡಿಟರ್ ಕಚೇರಿ. 18,000. ನಾವು ಆರೇ ಜನ, ಹತ್ತು ಜನ ಇಲ್ಲದ ಕಡೆ ಇಎಸ್‌ಐ ಇಲ್ಲ, ಇಪ್ಪತ್ತು ಜನ ಇಲ್ಲದ ಕಡೆ ಪಿಎಫ್ ಕಡ್ಡಾಯವಲ್ಲ. ಕಾಗದದಲ್ಲಿ ನೋಡಿದರೆ ಪೀಣ್ಯವೇ ವಾಸಿ. ಆದರೆ ಅಲ್ಲಿ ಕೋರ್ಟ್ ಡೇಟಿಗೆ ರಜೆ ಕೇಳಿದ ಪ್ರತಿಸಲ ಒಂದು ದಿನದ ಸಂಬಳ ಕಟ್, ಜೊತೆಗೆ ‘ಮತ್ತೆ ಊರಿಗಾ?’ ಅನ್ನುವ ಒಂದು ನೋಟ. ಆಡಿಟರ್ ಮಾತ್ರ ಸಂದರ್ಶನದಲ್ಲೇ ಅಂದರು: ‘ಡೇಟ್ ಇದ್ದ ದಿನ ಹೋಗಿಬನ್ನಿ. 11ಕ್ಕೆ, 20ಕ್ಕೆ ಮಾತ್ರ ಕೈಕೊಡಬೇಡಿ.’ ಜಿಎಸ್‌ಟಿ ಕೆಲಸ ಮಾಡಿದವರಿಗೆ ಗೊತ್ತು, 11ರೊಳಗೆ ಒಂದು ರಿಟರ್ನ್, 20ರೊಳಗೆ ಇನ್ನೊಂದು. ಆ ಎರಡು ದಿನಗಳ ಹಿಂದುಮುಂದು ರಾತ್ರಿ ಒಂಬತ್ತೂವರೆ, ಹತ್ತು ಆಗುತ್ತದೆ. ಉಳಿದ ದಿನ ಆರಕ್ಕೆ ಟ್ಯಾಲಿ ಮುಚ್ಚಿದರೆ ಮುಗಿಯಿತು. 2,500 ಕಮ್ಮಿಗೆ ನಾನು ಒಪ್ಪಿಕೊಂಡೆ, ಈಗಲೂ ಬೇಸರವಿಲ್ಲ. ಒಂದೇ ತಮಾಷೆ ಎಂದರೆ ಈಗಿನ ಮನೆಯಿಂದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಡೆದುಹೋಗುವಷ್ಟು ಹತ್ತಿರ, ಕೈಯಲ್ಲಿ ಇಎಸ್‌ಐ ಇಲ್ಲ.

ಇನ್ನು ಮನೆಗಳು.

ಪಿಜಿ ದಾಸರಹಳ್ಳಿಯಲ್ಲಿತ್ತು. ಇಬ್ಬರಿಗೊಂದು ರೂಮು, ಊಟ ಸೇರಿ 8,500, ಅಡ್ವಾನ್ಸ್ 10,000. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಮಂಚ ಸಿಕ್ಕಿತು. ಯಾರೂ ‘ಯಜಮಾನ್ರು ಏನ್ಮಾಡ್ತಾರೆ’ ಅಂತ ಕೇಳಲಿಲ್ಲ, ಆಧಾರ್ ಜೆರಾಕ್ಸ್ ತೆಗೆದುಕೊಂಡರು, ಅಷ್ಟೇ. ಊಟದ ಬಗ್ಗೆ ಒಂದೇ ಮಾತು: ವಾರಕ್ಕೆ ಮೂರು ದಿನ ಚಿತ್ರಾನ್ನ. ಉಳಿದ ಹುಡುಗಿಯರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು. ಮೊದಲ ವಾರ ‘ಮೇಡಂ’, ಎರಡನೇ ವಾರದಿಂದ ‘ಆಂಟಿ’. ನನ್ನ ರೂಂಮೇಟ್ ರಾತ್ರಿ ಒಂದರ ತನಕ ಹೊದಿಕೆಯೊಳಗೆ ಪಿಸುಗುಡುತ್ತಿದ್ದಳು, ನಾನು ಐದಕ್ಕೆ ಎದ್ದು ಬಕೆಟ್ ಸದ್ದು ಮಾಡುತ್ತಿದ್ದೆ. ಸಮ ಸಮ.

ಪಿಜಿ ನನಗೆ ಒಗ್ಗದಿದ್ದದ್ದು ಒಂದೇ ಕಾರಣಕ್ಕೆ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ. ಕೋರ್ಟಿನಲ್ಲಿ ನಮ್ಮ ಕೇಸು ಕೂಗುವುದು ಮಧ್ಯಾಹ್ನದ ಮೇಲೆ. ಮುಗಿಸಿ ನಾಲ್ಕರ ಹೊತ್ತಿಗೆ ಬಸ್ ಹಿಡಿದರೆ ಬೆಂಗಳೂರು ತಲುಪುವುದು ಹನ್ನೊಂದರ ಆಸುಪಾಸು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನನಗೆ ಅದೇ ದೊಡ್ಡದು, ರಾಜಹಂಸದ ಆಸೆ ಇಟ್ಟುಕೊಳ್ಳಲಿಲ್ಲ. ಸಂಕಟ ನೋಡಿ, ಬಸ್ಸು ಬರುವುದೇ ತುಮಕೂರು ರಸ್ತೆಯಲ್ಲಿ. ದಾಸರಹಳ್ಳಿಯಲ್ಲಿ ಇಳಿದರೆ ಪಿಜಿಯ ನೀಲಿ ಬೋರ್ಡು ಕಣ್ಣೆದುರಿಗೇ. ಬೋರ್ಡಿನ ಕೆಳಗೆ ಗೇಟು, ಗೇಟಿಗೆ ಬೀಗ. ಮೊದಲ ಡೇಟಿನ ರಾತ್ರಿ ಕಾವಲಿನವರಿಗೆ ಏಳು ಸಲ ಫೋನ್ ಮಾಡಿದೆ. ಎರಡನೇ ಸಲ ಮುಂಚೆಯೇ ತಿಳಿಸಿದ್ದೆ, ಆದರೂ ಅರ್ಧ ಗಂಟೆ ನಿಲ್ಲಿಸಿ ‘ಕೋರ್ಟು ಅಂತ ಎಲ್ರೂ ಹೇಳ್ತಾರೆ’ ಅಂದರು. ಎಲ್ಲರೂ ಅಂದರೆ ಯಾರು, ಆ ಇಪ್ಪತ್ತೆರಡರ ಹುಡುಗಿಯರಿಗೆ ಯಾವ ಕೋರ್ಟು, ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮೂರನೇ ಸಲ ಬಸ್ ಸ್ಟಾಪಿನ ಎದುರಿನ ಮೆಡಿಕಲ್ ಶಾಪಿನ ಬೆಂಚಿನ ಮೇಲೆ ಕೂತು, ಈ ವಯಸ್ಸಿನಲ್ಲಿ ಇನ್ನೊಬ್ಬರ ಕೀಲಿಗೆ ಕಾಯುವುದು ಸಾಕು ಅಂದುಕೊಂಡೆ.

ಆದರೆ ನ್ಯಾಯವಾಗಿ ಹೇಳಬೇಕು, ಬಿಡುವಾಗ ಪಿಜಿಯಷ್ಟು ಸಲೀಸು ಯಾವುದೂ ಇರಲಿಲ್ಲ. ಒಂದು ತಿಂಗಳ ಮುಂಚೆ ಹೇಳಿದೆ, ಮೇಂಟೆನೆನ್ಸ್ ಅಂತ 2,000 ಹಿಡಿದು 8,000 ಎರಡೇ ದಿನಕ್ಕೆ ಕೈಗೆ ಬಂತು.

ಈಗ ಫ್ಲ್ಯಾಟು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಕ್ಷಮಿಸಿ. ಅಕ್ಟೋಬರ್‌ನಲ್ಲಿ ಜಯನಗರದ ಕೆಲಸ ಸಿಕ್ಕಾಗ ಬನಶಂಕರಿ ಕಡೆ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಜಾಗ ಖಾಲಿ ಇದೆ ಅಂತ ಗೊತ್ತಾಯಿತು. ಮೂವರು ಹೆಂಗಸರು, ತಲಾ 9,000 ಬಾಡಿಗೆ, 1,200 ಮೇಂಟೆನೆನ್ಸ್, ಅಡುಗೆಯವರಿಗೆ, ವೈಫೈಗೆ ಪಾಲು. ಲಿಫ್ಟು, ಬಾಲ್ಕನಿ, ಬಿಸಿನೀರು ಎಲ್ಲ ಸರಿ. ಜೊತೆಗಿದ್ದವರೂ ಒಳ್ಳೆಯವರು. ಗೋಳು ಇದ್ದದ್ದು ಅಡ್ವಾನ್ಸಿನಲ್ಲಿ.

ಆ ಫ್ಲ್ಯಾಟಿನ ಒಟ್ಟು ಅಡ್ವಾನ್ಸ್ 1,50,000. ನನ್ನ ಪಾಲಿನ 50,000 ನಾನು ಕೊಟ್ಟದ್ದು ಓನರ್‌ಗೆ ಅಲ್ಲ, ನನಗಿಂತ ಮುಂಚೆ ಆ ರೂಮಿನಲ್ಲಿದ್ದು ಬಿಟ್ಟುಹೋಗುತ್ತಿದ್ದ ಹುಡುಗಿಗೆ. ಅವಳು ಕೊಟ್ಟದ್ದು ಅವಳಿಗಿಂತ ಮುಂಚಿನವಳಿಗೆ. ಓನರ್‌ಗೆ ನಿಜವಾಗಿ ದುಡ್ಡು ಕೊಟ್ಟವರು ನಾಲ್ಕು ವರ್ಷದ ಹಿಂದಿನ ಮೂವರು, ಅವರಲ್ಲಿ ಒಬ್ಬಳೂ ಈಗ ಅಲ್ಲಿಲ್ಲ. ಬಸ್ಸಿನಲ್ಲಿ ಸೀಟು ಹಿಡಿಯಲು ಹಾಕುವ ಕರ್ಚೀಫಿನ ಹಾಗೆ 50,000 ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಲೆಕ್ಕ ಬರೆಯುವವಳಾಗಿ ನಾನು ಇದನ್ನು ಮೊದಲ ದಿನವೇ ಕೇಳಬೇಕಿತ್ತು. ಕೇಳಲಿಲ್ಲ. ಗೇಟಿಗೆ ಬೀಗವಿಲ್ಲ ಅನ್ನುವ ಸಂತೋಷದಲ್ಲಿ ಗೂಗಲ್ ಪೇ ಒತ್ತಿಬಿಟ್ಟೆ.

ಸೇರಿದ ಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಅಗ್ರಿಮೆಂಟು ಪುಣೆಗೆ ಹೋಗಿ ನೆಲೆಸಿದ್ದ ಒಬ್ಬಳ ಹೆಸರಿನಲ್ಲಿತ್ತು, ಹನ್ನೊಂದು ತಿಂಗಳಿಗೊಮ್ಮೆ ಅವಳ ಹೆಸರಿನಲ್ಲೇ ನವೀಕರಣ. (ಹನ್ನೊಂದೇ ಏಕೆ ಅಂದರೆ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಯಾರಿಗೂ ಬೇಡ.) ಗ್ಯಾಸ್ ಸಿಲಿಂಡರ್ ಇನ್ನೊಬ್ಬಳ ಹೆಸರಿನಲ್ಲಿ, ಒಟಿಪಿ ಬೇಕೆಂದರೆ ಹುಬ್ಬಳ್ಳಿಗೆ ಫೋನ್ ಮಾಡಬೇಕು. ಉಚಿತ ಕರೆಂಟಿನ ಗೃಹಜ್ಯೋತಿ ಮೂರನೆಯವಳ ಆಧಾರ್‌ಗೆ ಜೋಡಣೆಯಾಗಿತ್ತು, ಬಿಲ್ಲು ಸೊನ್ನೆ ಬರುತ್ತಿದ್ದದ್ದರಿಂದ ಯಾರೂ ಮುಟ್ಟಿರಲಿಲ್ಲ. ಅವಳು ಹೋದ ಕಡೆ ಅವಳಿಗೆ ಅದು ಸಿಗದೆ ಡಿಲಿಂಕ್ ಮಾಡಿಸಿ ಅಂತ ಪಾಪ ತಿಂಗಳಿಗೊಮ್ಮೆ ಮೆಸೇಜ್ ಹಾಕುತ್ತಿದ್ದಳು. ವೈಫೈ ಯಾರ ಹೆಸರಿನಲ್ಲಿತ್ತು ಅಂತ ನಾನು ಬಿಡುವ ತನಕ ಪತ್ತೆಯಾಗಲಿಲ್ಲ. ಆ ಮನೆಯಲ್ಲಿ ವಾಸ ಮಾಡುತ್ತಿದ್ದವರು ಮೂವರು, ಕಾಗದದ ಪ್ರಕಾರ ಇದ್ದವರು ಬೇರೆ ನಾಲ್ವರು.

ಬೇರೆ ಹುಡುಗಿಯರಿಗೆ ಇದರಿಂದ ತೊಂದರೆಯಿರಲಿಲ್ಲ. ನನಗಿತ್ತು. ವಕೀಲರು ಈಗಿನ ವಿಳಾಸಕ್ಕೆ ಏನಾದರೂ ಪುರಾವೆ ಕೊಡಿ ಅಂದರು. ಬ್ಯಾಂಕಿನಲ್ಲಿ ವಿಳಾಸ ಬದಲಿಸಬೇಕಿತ್ತು, ಇಲ್ಲವಾದರೆ ನನ್ನ ಕಾಗದಪತ್ರವೆಲ್ಲ ಶಿವಮೊಗ್ಗದ ಆ ಮನೆಗೇ ಹೋಗುತ್ತಿತ್ತು, ಯಾರ ಕೈಗೆ ಸಿಗಬಾರದೋ ಅವರ ಕೈಗೆ. ಅಗ್ರಿಮೆಂಟಿಗೆ ನನ್ನ ಹೆಸರು ಸೇರಿಸಿ ಅಂತ ಓನರ್‌ಗೆ ಮೂರು ಸಲ ಕೇಳಿದೆ. ‘ಮುಂದಿನ ರಿನ್ಯೂವಲ್‌ನಲ್ಲಿ ನೋಡೋಣ’ ಅಂದರು. 9,000 ಬಾಡಿಗೆ ಕಟ್ಟುತ್ತಾ ನಾನು ಎಲ್ಲಿಯೂ ವಾಸವಾಗಿರಲಿಲ್ಲ.

ಜನವರಿಯಲ್ಲಿ ಬಿಡುತ್ತೇನೆ ಅಂದಾಗ ಆಟದ ಕೊನೆಯ ನಿಯಮ ತಿಳಿಯಿತು: ನಿನ್ನ ಜಾಗಕ್ಕೆ ಇನ್ನೊಬ್ಬಳನ್ನು ನೀನೇ ಹುಡುಕು, ನಿನ್ನ 50,000 ಅವಳಿಂದ ತಗೋ. ನಾಲ್ಕು ಭಾನುವಾರ ನಾನು ಬ್ರೋಕರ್ ಕೆಲಸ ಮಾಡಿದೆ. ಬಂದವರಿಗೆ ಬಾಲ್ಕನಿ ತೋರಿಸಿದೆ, ಗಾಳಿ ಬೆಳಕು ಅಂದೆ. ಒಬ್ಬಳು ನೇರವಾಗಿ ‘ಅಗ್ರಿಮೆಂಟ್ ನನ್ನ ಹೆಸರಿಗೆ ಆಗುತ್ತಾ?’ ಅಂತ ಕೇಳಿದಳು. ಇಲ್ಲ ಅಂದೆ. ಅವಳು ಹೋದಳು. ಬುದ್ಧಿವಂತೆ, ನಾನು ಮೊದಲ ದಿನ ಕೇಳದ ಪ್ರಶ್ನೆ ಅದು. ಐದನೇ ವಾರ ಒಬ್ಬಳು 42,000ಕ್ಕೆ ಒಪ್ಪಿದಳು, ರೂಮಿಗೆ ಸುಣ್ಣಬಣ್ಣ ಆಗಬೇಕು ಅನ್ನುವುದು ಅವಳ ವಾದ. ತಕರಾರು ಮಾಡದೆ ಕೊಟ್ಟುಬಿಟ್ಟೆ. 8,000 ಅಲ್ಲಿ ಹೋಯಿತು. ಅವಳಿಗೂ ಎಲ್ಲ ಬಿಡಿಸಿ ಹೇಳಿಯೇ ಕೊಟ್ಟೆ ಅನ್ನುವುದೊಂದೇ ಸಮಾಧಾನ. ಅವಳು ಹೇಳಿದ್ದನ್ನು ಕೇಳಿಸಿಕೊಂಡಳೋ ಇಲ್ಲವೋ, ಅವಳ ಕಣ್ಣೆಲ್ಲ ಬಾಲ್ಕನಿಯ ಮೇಲಿತ್ತು.

ವಠಾರ ಸಿಕ್ಕಿದ್ದು ಫೋನಿನಲ್ಲಿ ಅಲ್ಲ, ಕಾಲ್ನಡಿಗೆಯಲ್ಲಿ. ಏರಿಯಾ ಹುಡುಕುವ ಬದಲು ಮೆಟ್ರೊ ಹಸಿರು ಮಾರ್ಗ ಹುಡುಕಿದೆ, ಏಕೆಂದರೆ ಪೀಣ್ಯ, ಯಶವಂತಪುರ, ಮೆಜೆಸ್ಟಿಕ್, ಜಯನಗರ ಎಲ್ಲ ಒಂದೇ ಗೆರೆಯ ಮೇಲಿವೆ. ಈ ಕೆಲಸ ಹೋಗಿ ಮತ್ತೆ ಪೀಣ್ಯಕ್ಕೇ ಹೋಗಬೇಕಾಗಿ ಬಂದರೂ ಮನೆ ಬದಲಿಸಬೇಕಿಲ್ಲ. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 60ರಿಂದ 90 ಆದ ಮೇಲೆ ದಿನಾ ಮೆಟ್ರೊ ನನ್ನ ಕೈಗೆ ಎಟುಕುವುದಿಲ್ಲ. ಹೋಗುವಾಗ ಬಿಎಂಟಿಸಿ, 11 ಮತ್ತು 20ರ ರಾತ್ರಿಗಳಲ್ಲಿ ಮೆಟ್ರೊ. ಎರಡು ಭಾನುವಾರ ಮಹಾಕವಿ ಕುವೆಂಪು ರಸ್ತೆ ಸ್ಟೇಷನ್ನಿನಲ್ಲಿ ಇಳಿದು ಕ್ರಾಸುಗಳನ್ನು ಅಳೆದೆ. ‘ಮನೆ ಬಾಡಿಗೆಗೆ ಇದೆ’ ಅನ್ನುವ ಕೈಬರಹದ ರಟ್ಟುಗಳನ್ನು ನೇತುಹಾಕುವವರು ಇನ್ನೂ ಇದ್ದಾರೆ, ಅವರಿಗೆ ಬ್ರೋಕರ್ ಬೇಡ.

ಹನ್ನೊಂದು ಮನೆ ನೋಡಿದೆ. ಒಂಬತ್ತರಲ್ಲಿ ಬಾಗಿಲು ತೆಗೆದ ಕೂಡಲೇ ಅದೇ ಪ್ರಶ್ನೆ, ‘ಎಷ್ಟು ಜನ? ಯಜಮಾನ್ರು?’ ಒಂದು ಕಡೆ ಸುಳ್ಳು ಹೇಳಿ ನೋಡಿದೆ, ದುಬೈನಲ್ಲಿದ್ದಾರೆ ಅಂತ. ಅವರು ತಕ್ಷಣ ಬಾಡಿಗೆ ಸಾವಿರ ಏರಿಸಿದರು. ಹತ್ತನೇ ಮನೆಯ ಹೊತ್ತಿಗೆ ಸುಸ್ತಾಗಿ ನಿಜ ಹೇಳಿದೆ: ‘ಬೇರೆ ಇದ್ದೀವಿ, ಕೇಸ್ ನಡೀತಿದೆ.’ ಓನರಮ್ಮ ಒಂದು ನಿಮಿಷ ನನ್ನನ್ನೇ ನೋಡಿದರು. ಆಮೇಲೆ, ‘ನಮ್ಮಲ್ಲಿ ಕಾವೇರಿ ದಿನ ಬಿಟ್ಟು ದಿನ ಬರೋದು. ಡ್ರಮ್ ಇದೆಯಾ ನಿಮ್ಮ ಹತ್ರ?’ ಅಂದರು. ಹನ್ನೊಂದನೆಯದನ್ನು ಸುಮ್ಮನೆ ಮಾತು ಕೊಟ್ಟಿದ್ದಕ್ಕೆ ಹೋಗಿ ನೋಡಿ ಬಂದೆ.

ಬಾಡಿಗೆ 8,500, ಅಡ್ವಾನ್ಸ್ 50,000. ಹತ್ತು ತಿಂಗಳ ಬಾಡಿಗೆ ಕೇಳುವ ಈ ಊರಿನಲ್ಲಿ ಆರು ತಿಂಗಳಿನದೂ ಆಗಲಿಲ್ಲ. ಅಗ್ರಿಮೆಂಟು ನನ್ನ ಹೆಸರಿನಲ್ಲಿ, ಇ-ಸ್ಟ್ಯಾಂಪ್ ಕಾಗದದ ಮೇಲೆ, ಓನರ್ ಸಹಿಯೊಂದಿಗೆ. ಎರಡು ಸಾಲು ನಾನೇ ಕೇಳಿ ಸೇರಿಸಿದೆ: ಎರಡು ತಿಂಗಳ ಬದಲು ಒಂದು ತಿಂಗಳ ನೋಟಿಸು, ಮತ್ತು ಪೇಂಟಿಂಗ್‌ಗೆ ಹಿಡಿಯುವುದು ಒಂದು ತಿಂಗಳ ಬಾಡಿಗೆಯನ್ನು ಮೀರಬಾರದು. ನನ್ನ ಕೆಲಸದ ನೋಟಿಸ್ ಒಂದು ತಿಂಗಳು, ಮನೆಯದು ಅದಕ್ಕಿಂತ ಉದ್ದ ಇದ್ದರೆ ಕೆಲಸ ಹೋದ ದಿನವೇ ಒಂದು ತಿಂಗಳ ಬಾಡಿಗೆ ದಂಡ. ಈ ಲೆಕ್ಕವನ್ನು ಓನರಮ್ಮನಿಗೆ ಬಿಡಿಸಿ ಹೇಳಿದಾಗ ಅವರು ಗಂಡನ ಕಡೆ ತಿರುಗಿ ‘ಲೆಕ್ಕದ ಮೇಷ್ಟ್ರು ಬಂದವ್ರೆ’ ಅಂದರು. ಸಹಿ ಹಾಕಿಸಿದ್ದು ಅವರೇ.

ಕೊರತೆಗಳು ಇವೆ, ಮುಚ್ಚಿಡುವುದಿಲ್ಲ. ಕರೆಂಟಿಗೆ ಪ್ರತ್ಯೇಕ ಸಂಪರ್ಕವಿಲ್ಲ, ಬರೀ ಸಬ್‌ಮೀಟರ್, ಆದ್ದರಿಂದ ಗೃಹಜ್ಯೋತಿ ನನ್ನ ಪಾಲಿಗಿಲ್ಲ, ಯೂನಿಟ್‌ಗೆ 8 ರೂಪಾಯಿ. ಬಚ್ಚಲು ನನ್ನದೇ, ಆದರೆ ಅಂಗಳ ದಾಟಿ ಹೋಗಬೇಕು. ಇಲಿ ಇದೆ, ಅದಕ್ಕೆ ನನಗಿಂತ ಜಾಸ್ತಿ ವರ್ಷದ ಸರ್ವಿಸ್ ಆಗಿದೆ. ನೀರು ಬರುವ ದಿನ ಬೆಳಗಿನ ಜಾವ ಮೋಟರ್ ಹಾಕುವ ಪಾಳಿ ಐದು ಮನೆಗೂ ಹಂಚಿಕೆ. ನನ್ನ ಪಾಳಿಯಂದು ನಾಲ್ಕೂವರೆಗೆ ಏಳಬೇಕು. ಮಲೆನಾಡಿನ ಮನೆಯಲ್ಲಿ ಬೆಳೆದವಳಿಗೆ ಅದು ಕಷ್ಟವಲ್ಲ, ರಾತ್ರಿ ಪಾಳಿಯ ಕೆಲಸದವರಿಗೆ ನರಕ. ನಿಮ್ಮ ಮನೆಗೆ ಯಾರು ಬಂದರು, ಯಾವ ಬಣ್ಣದ ಸೀರೆ ಒಣಗಿತು, ಎಲ್ಲವೂ ಐದು ಮನೆಗೂ ಗೊತ್ತು. ಎರಡನೇ ವಾರ ಪಕ್ಕದ ಪೋರ್ಷನ್ನಿನ ಅಜ್ಜಿ ‘ನಿನ್ನೆ ಹನ್ನೊಂದೂಕಾಲಿಗೆ ಬಂದೆ’ ಅಂದರು. ಎದೆ ಧಸಕ್ಕೆಂದಿತು, ಪಿಜಿಯ ಗೇಟು ಕಣ್ಣ ಮುಂದೆ ಬಂತು. ಅಜ್ಜಿ ಅಲ್ಲಿಗೇ ನಿಲ್ಲಿಸದೆ ‘ಡೇಟಾ? ಏನಾಯ್ತು?’ ಅಂದರು. ಮುಂದಕ್ಕೆ ಹಾಕಿದರು ಅಂದೆ. ‘ಹಾಕ್ತಾರೆ’ ಅಂತ ಅಕ್ಕಿ ಆರಿಸಲು ಕೂತರು. ಅವರಿಗೂ ಒಂದು ಸೈಟಿನ ಕೇಸಿದೆಯಂತೆ, ನನ್ನ ಮದುವೆಗಿಂತ ಹಳೆಯದು.

ತಿಂಗಳ ಖರ್ಚು ಮಾತ್ರ ನೋಡಿದರೆ ಪಿಜಿಯೇ ಅಗ್ಗ. 8,500ರಲ್ಲಿ ಊಟವೂ ಮುಗಿಯುತ್ತಿತ್ತು. ಫ್ಲ್ಯಾಟಿನಲ್ಲಿ ಎಲ್ಲ ಸೇರಿ 14,000 ದಾಟಿತು. ಇಲ್ಲಿ ಬಾಡಿಗೆ, ಕರೆಂಟು, ಗ್ಯಾಸು, ದಿನಸಿ ಸೇರಿ 12,500ರ ಸುತ್ತ. ಬಿಡುವಾಗ ಕಳೆದುಕೊಂಡದ್ದು ಪಿಜಿಯಲ್ಲಿ 2,000, ಫ್ಲ್ಯಾಟಿನಲ್ಲಿ 8,000, ಜೊತೆಗೆ ನಾಲ್ಕು ಭಾನುವಾರ. ವಠಾರದಲ್ಲಿ ಹೋಗುವುದು ಜಾಸ್ತಿ ಅಂದರೆ 8,500. ಊರಿಗೆ ಹೊಸಬರು, ಕೆಲಸ ನಿಲ್ಲುತ್ತದೋ ಇಲ್ಲವೋ ಗೊತ್ತಿಲ್ಲ, ರಾತ್ರಿ ಹತ್ತರೊಳಗೆ ಮನೆ ಸೇರುತ್ತೀರಿ ಅಂದರೆ ಮೊದಲ ಮೂರು ತಿಂಗಳಿಗೆ ಪಿಜಿಯನ್ನೇ ಹಿಡಿಯಿರಿ, ನಾನೂ ಮತ್ತೆ ಶುರು ಮಾಡುವುದಾದರೆ ಅಲ್ಲಿಂದಲೇ. ಫ್ಲ್ಯಾಟ್ ಹಿಡಿಯುವವರು ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರಿಲ್ಲದೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ಎದುರಿಗಿರುವವರು ಎಷ್ಟೇ ಒಳ್ಳೆಯವರಾಗಿರಲಿ. ನನ್ನ ಜೊತೆಯವರೂ ಒಳ್ಳೆಯವರೇ.

ಬಳೆಗಳಲ್ಲಿ ಎರಡನ್ನು ಕಳೆದ ತಿಂಗಳು ಬಿಡಿಸಿಕೊಂಡೆ. ಉಳಿದೆರಡು ಈ ಮನೆಯ ಅಡ್ವಾನ್ಸ್ ಆಗಿ ಕೂತಿವೆ.

ನಮ್ಮ ವಠಾರದ ಮೂಲೆಯ ಪೋರ್ಷನ್ ಜೂನ್ ಕೊನೆಗೆ ಖಾಲಿಯಾಗುತ್ತಿದೆ. ರಟ್ಟು ಇನ್ನೂ ನೇತುಹಾಕಿಲ್ಲ. ಇಲಿ ಇದೆ, ಹೇಳಿದ್ದೇನೆ. ಬರುವಾಗ ಡ್ರಮ್ ತನ್ನಿ, ಮುಚ್ಚಳ ಇರುವಂಥದ್ದು.